ಆರು ಎಸ್ಕೂದಿನ ಮೊಹರು

"ಇದು ರುಪಿಯಾ. ಇದೂ ರುಪಿಯಾ. ಮೂರನೇದೂ ಅದೇಯ."

ಬುಡನ್ ಸಾಬರು ಬಲಗಣ್ಣಿಗೆ ಸಿಕ್ಕಿಸಿಕೊಂಡಿದ್ದ ಮಸೂರವನ್ನು ತೆಗೆಯದೆಯೇ ಮಾತಾಡುತ್ತಿದ್ದರು. ಕುಣಿಗಲ್ ಬಸ್ ಸ್ಟ್ಯಾಂಡಿನ ಎದುರಿಗಿದ್ದ ಅವರ ಗಡಿಯಾರ ರಿಪೇರಿ ಅಂಗಡಿ ಎಷ್ಟು ಇಕ್ಕಟ್ಟೆಂದರೆ ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಲೇಬೇಕು. ನಿಂತಿದ್ದವನು ಓಬಳಯ್ಯ, ಗೋಮುಖಿ ಪಾರ್ಸಲ್ ಸರ್ವಿಸಿನ ತನಿಖಾ ಇನ್ಸ್‌ಪೆಕ್ಟರ್.

ಮಡಗಾಂವಿನಿಂದ ಗುಬ್ಬಿಯ ಜಮಾಲುನ್ನೀಸಾಗೆ ಬಂದ ಐದು ಚಿನ್ನದ ಬಳೆಯ ಪಾರ್ಸಲ್ಲಿನಲ್ಲಿ ಬಳೆಯ ಬದಲು ಹುಣಸೆ ಬೀಜ ಸಿಕ್ಕಿ ಅಂದಿಗೆ ಆರು ದಿನವಾಗಿತ್ತು.

ಸಾಬರ ಮೇಜಿನ ಮೇಲೆ ಪಾರ್ಸಲ್ಲಿನ ಬಟ್ಟೆ ಹರಡಿತ್ತು. ಬೆಲೆ ಬರೆಸಿದ ಪಾರ್ಸಲ್ಲನ್ನು ದಪ್ಪ ಬಟ್ಟೆಯಲ್ಲಿ ಹೊಲಿದು, ಹೊಲಿಗೆಯ ಉದ್ದಕ್ಕೂ ಐದು ಕಡೆ ಅರಗು ಸುರಿದು ಮೊಹರು ಒತ್ತುವುದು ಕಂಪನಿಯ ಪದ್ಧತಿ. ತಕರಾರು ಬಂದರೆ ಸಾಕ್ಷಿಗೆ ಬೇಕಾಗುತ್ತದೆ ಎಂದು ಮೊಹರನ್ನು ಮುಟ್ಟದೆ ತಳದ ಕಡೆಯಿಂದಲೇ ಕತ್ತರಿಸಬೇಕು. ಗುಬ್ಬಿಯಲ್ಲಿ ಹಾಗೆಯೇ ಕತ್ತರಿಸಿದ್ದರು. ಐದು ಮೊಹರೂ ಕೆಂಪಗೆ, ದುಂಡಗೆ, ಒಂದು ಬಿರುಕೂ ಇಲ್ಲದೆ ಕೂತಿದ್ದವು.

ಒತ್ತುವುದಕ್ಕೆ ಚಲಾವಣೆಯ ನಾಣ್ಯ ಬಳಸಬಾರದು. ಅದು ಯಾರ ಜೇಬಿನಲ್ಲಾದರೂ ಸಿಗುವ ವಸ್ತು. ಆದರೆ ಕಳಿಸಿದ ಮಡಗಾಂವಿನ ಮುದಿ ವಕೀಲರು ಪೋರ್ಚುಗೀಸರ ಕಾಲದ ಹಳೇ ನಾಣ್ಯ ಒತ್ತಿದ್ದರಂತೆ. ಆ ದುಡ್ಡು ಸತ್ತು ಹದಿನಾರು ಹದಿನೇಳು ವರ್ಷವಾಯಿತಲ್ಲ, ಇನ್ನು ಯಾರ ಹತ್ತಿರ ಇರುತ್ತದೆ ಎಂದು ಅಲ್ಲಿಯ ಗುಮಾಸ್ತ ಒಪ್ಪಿಕೊಂಡಿದ್ದ. ತಪ್ಪಲ್ಲ. ಆದರೆ ಅದೇ ತಪ್ಪಾಯಿತು.

ಬುಡನ್ ಸಾಬರು ನಾಲ್ಕನೆಯ ಮೊಹರಿನ ಪಕ್ಕ ಒಂದು ಪುಟ್ಟ ಕನ್ನಡಿ ಹಿಡಿದರು. ಅರಗಿನಲ್ಲಿ ಅಕ್ಷರ ಎಡಬಲ ತಿರುಗಿ ಬೀಳುತ್ತವಲ್ಲ, ಓದಬೇಕಾದರೆ ಕನ್ನಡಿ ಬೇಕು. ಆಮೇಲೆ ಐದನೆಯದನ್ನು ನೋಡಿದರು. ಮತ್ತೆ ಮೊದಲನೆಯದಕ್ಕೆ ಬಂದರು.

"ಏನ್ ಸಾಬ್ರೇ?"

"ಕೊನೇ ಎರಡು ಬೇರೆ ಕಣಪ್ಪ. ಇವು ರುಪಿಯಾ ಅಲ್ಲ. ಆರು ಎಸ್ಕೂದು."

"ಹಂಗಂದ್ರೆ?"

"ಮೊದಲು ಅಲ್ಲಿ ದುಡ್ಡಿಗೆ ರುಪಿಯಾ ಅಂತಿದ್ರು. ಆಮೇಲೆ ಐವತ್ತೆಂಟೋ ಐವತ್ತೊಂಬತ್ತೋ, ಸರ್ಕಾರದೋರು ಎಲ್ಲಾ ಬದಲಾಯಿಸಿ ಎಸ್ಕೂದು ಅಂದ್ರು. ಒಂದು ರುಪಿಯಾಕ್ಕೆ ಆರು ಎಸ್ಕೂದು. ಜನಕ್ಕೆ ಗೊಂದಲ ಆಗ್ದೇ ಇರ್ಲಿ ಅಂತಲೋ ಏನೋ, ನಾಣ್ಯ ನೋಡೋಕೆ ಹೆಚ್ಚೂ ಕಮ್ಮಿ ಒಂದೇ ಥರ. ನಾನು ಮಡಗಾಂವಲ್ಲಿ ಹದಿನಾಲ್ಕು ವರ್ಷ ಗಡಿಯಾರ ಬಿಚ್ಚಿದೀನಿ, ನಾನೇ ಎಷ್ಟೋ ಸಲ ಮೋಸ ಹೋಗಿದೀನಿ."

ಓಬಳಯ್ಯ ಬಗ್ಗಿ ನೋಡಿದ. ಬರಿಗಣ್ಣಿಗೆ ಐದೂ ಒಂದೇ. ಮಡಗಾಂವಿನಲ್ಲಿ, ತುಮಕೂರಿನ ಗೋದಾಮಿನಲ್ಲಿ, ಗುಬ್ಬಿಯಲ್ಲಿ, ಮೂರು ಕಡೆಯೂ ಗುಮಾಸ್ತರು ಬೆರಳಿಟ್ಟು ಎಣಿಸಿ 'ಮೊಹರು ಐದು, ಸರಿ' ಎಂದು ಬರೆದು ಸಹಿ ಹಾಕಿದ್ದರು. ತಾನೂ ಆರು ದಿನದಲ್ಲಿ ಹತ್ತು ಸಲ ಎಣಿಸಿದ್ದ. ಎಣಿಸುವುದು ನಮ್ಮ ಕಂಪನಿಯವರಿಗೆ ಚೆನ್ನಾಗಿ ಬರುತ್ತದೆ, ಓದುವುದು ಯಾರ ಕೆಲಸವೂ ಅಲ್ಲ.

ಅಂದರೆ ಯಾರೋ ಕೊನೆಯ ಎರಡು ಮೊಹರು ಕಿತ್ತು, ಅಷ್ಟು ಹೊಲಿಗೆ ಬಿಚ್ಚಿ, ಮತ್ತೆ ಹೊಲಿದು, ಅರಗು ಸುರಿದು, ತನ್ನ ಹತ್ತಿರವಿದ್ದ ನಾಣ್ಯ ಒತ್ತಿದ್ದಾರೆ. ಎರಡೂ ಒಂದೇ ನಾಣ್ಯವೆಂದು ಭಾವಿಸಿ ಒತ್ತಿದ್ದಾರೆ.

ಈ ಹೊತ್ತಿಗೆ ಪತ್ತೇದಾರನಾದವನ ಎದೆ ಹಾರಬೇಕಿತ್ತು. ಓಬಳಯ್ಯನಿಗೆ ಏನೂ ಆಗಲಿಲ್ಲ. ನಾಲ್ಕು ತಿಂಗಳ ಹಿಂದೆ ಹೆಂಡತಿ ಉಮಾಮಹೇಶ್ವರಿ ತೀರಿಕೊಂಡಾಗಿನಿಂದ ಅವನಿಗೆ ಹೀಗೆಯೇ. ಅನ್ನ ತಿನ್ನುತ್ತಿದ್ದ, ರುಚಿ ಗೊತ್ತಾಗುತ್ತಿರಲಿಲ್ಲ. ಜನ ಮಾತಾಡಿಸುತ್ತಿದ್ದರು, ಉತ್ತರ ಕೊಡುತ್ತಿದ್ದ, ಆಮೇಲೆ ಏನು ಹೇಳಿದೆನೆಂದು ಮರೆಯುತ್ತಿದ್ದ. ಕೆಲಸವೊಂದು ಮಾತ್ರ ಅಭ್ಯಾಸದ ಬಲದಿಂದ ನಡೆದುಕೊಂಡು ಹೋಗುತ್ತಿತ್ತು.

"ಈ ಚೀಟೀನೂ ನೋಡಿ," ಎಂದು ವಕೀಲರು ಪಾರ್ಸಲ್ಲಿನ ಜೊತೆ ಕಳಿಸಿದ್ದ ಪೋರ್ಚುಗೀಸ್ ಕಾಗದ ಮುಂದಿಟ್ಟ. ಮುದುಕರಿಗೆ ಆ ಭಾಷೆ ಬಿಟ್ಟರೆ ಬೇರೆಯದರಲ್ಲಿ ಬರೆದು ಅಭ್ಯಾಸವಿಲ್ಲವಂತೆ.

ಬುಡನ್ ಸಾಬರು ಮಸೂರ ತೆಗೆದು ಕನ್ನಡಕ ಹಾಕಿಕೊಂಡರು. "ಐದು ಬಳೆ. ದಿವಂಗತ ಅಜ್ಮತುಲ್ಲಾ ನನ್ನಲ್ಲಿ ಇಟ್ಟಿದ್ದು, ಅವನ ಹೆಂಡತಿಗೆ ಸೇರಬೇಕಾದ್ದು. ಕೆಳಗೆ ವಲೋರ್ ದೆಕ್ಲರಾದು, ಮೂರು ಸಾವಿರ ರೂಪಾಯಿ."

"ಅದೇ ನಮ್ಮ ರಸೀದೀಲಿ ಡಿಕ್ಲೇರ್ಡ್ ವ್ಯಾಲ್ಯೂ ಅಂತ ಇರೋದು."

"ಹೂಂ. ಲಿಸ್ಬನ್ನಿಂದ ಗಡಿಯಾರದ ಸಾಮಾನು ತರಿಸ್ತಿದ್ನಲ್ಲ, ಸುಂಕದ ಕಚೇರೀಲಿ ಈ ಫಾರಂ ತುಂಬಿ ತುಂಬಿನೇ ನಂಗೆ ಅವರ ಭಾಷೆ ಬಂದಿದ್ದು. ಅಲ್ಲೊಬ್ಬ ಮುದಿ ಗುಮಾಸ್ತ ಇದ್ದ. ಅವನು ಹೇಳ್ತಿದ್ದ, ವಲೋರ್ ರಿಯಾಲ್ ಅಂದ್ರೆ ವಸ್ತೂದು ನಿಜವಾದ ಬೆಲೆ. ವಲೋರ್ ದೆಕ್ಲರಾದು ಅಂದ್ರೆ ಕಳ್ಸೋನು ಬಾಯಲ್ಲಿ ಹೇಳಿದ್ದು. ನಾವು ಬರ್ಕೊಳ್ಳೋದು ಎರಡನೇದು, ಪೆಟ್ಟಿಗೆ ಒಳಗಿರೋದು ದೇವರಿಗೇ ಗೊತ್ತು, ಅಂತ." ಸಾಬರು ನಕ್ಕರು. "ನಿಮ್ ಕಂಪನೀಲಿ ಬಿಚ್ಚಿ ನೋಡಿ ಬರ್ಕೊತೀರಾ?"

"ಇಲ್ಲ. ಹೇಳಿದ್ದನ್ನೇ ಬರ್ಕೊತೀವಿ. ತೂಕ ಮಾತ್ರ ನಾವೇ ಹಾಕ್ತೀವಿ."

"ತೂಕ ಸರಿಯಾಗಿತ್ತಾ?"

"ಮಡಗಾಂವಲ್ಲಿ ಮುನ್ನೂರ ಹತ್ತು ಗ್ರಾಂ. ತುಮಕೂರಲ್ಲಿ ಅಷ್ಟೇ. ಗುಬ್ಬೀಲೂ ಅಷ್ಟೇ. ಬೀಜ ಹಾಕ್ದೋನ ಹತ್ರ ಒಳ್ಳೇ ತಕ್ಕಡಿ ಇತ್ತು ಅಂತ ಕಾಣುತ್ತೆ."

ಬುಡನ್ ಸಾಬರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ತುಮಕೂರಿನ ಬಸ್ಸು ಹಾರನ್ ಹೊಡೆಯಿತು. ಓಬಳಯ್ಯ ಬಟ್ಟೆ ಸುತ್ತಿಕೊಂಡು ಓಡಿದ.

*

ಗುಬ್ಬಿಯಲ್ಲಿ ಬಸ್ಸಿಳಿಯುತ್ತಲೇ ಚಿಕ್ಕಬೀರಯ್ಯ ಎದುರಾದ. ಕಾಯುತ್ತಾ ನಿಂತಿದ್ದನೆಂದು ಕಾಣುತ್ತದೆ. ಕೈಯಲ್ಲಿ ಒಗೆದು ಇಸ್ತ್ರಿ ಮಾಡಿದ ಖಾಕಿ ಅಂಗಿ, ಪೇಪರಿನಲ್ಲಿ ಸುತ್ತಿದ್ದು.

ಹದಿನಾರು ವರ್ಷದಿಂದ ಗುಬ್ಬಿಯಲ್ಲಿ ಪಾರ್ಸಲ್ ಹಂಚುತ್ತಿದ್ದವನು. ಅವನು ಮಾಡಿದ ತಪ್ಪು ಇಷ್ಟೆ: ಪಾರ್ಸಲ್ ಬಂದ ದಿನ ಜಮಾಲುನ್ನೀಸಾ ನೆಂಟರ ಮದುವೆಗೆಂದು ಊರ್ಡಿಗೆರೆಗೆ ಹೋಗಿದ್ದಳು. ಆಫೀಸಿಗೆ ವಾಪಸ್ ಕೊಡಬೇಕಾದ್ದನ್ನು ಇವನು ಒಂದು ರಾತ್ರಿ ಮನೆಯಲ್ಲಿಟ್ಟುಕೊಂಡ. ಅವನ ಹೆಂಡತಿ ಚಿಕ್ಕಗಂಗಮ್ಮ ಮಂಡಿಯವರಿಂದ ಹುಣಸೆಹಣ್ಣು ತಂದು ಕುಟ್ಟಿ ಬೀಜ ಬಿಡಿಸಿಕೊಡುವವಳು. ಮನೆಯ ಮೂಲೆಯಲ್ಲಿ ಹುಣಸೆ ಬೀಜ ರಾಶಿ ಬಿದ್ದಿತ್ತು. ಇದಕ್ಕಿಂತ ಹೆಚ್ಚಿಗೆ ಮ್ಯಾನೇಜರಿಗೆ ಏನು ಬೇಕು? ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಓಬಳಯ್ಯನ ವರದಿ ಅವರ ಮೇಜಿನ ಮೇಲಿರಬೇಕು. ಅದರಲ್ಲಿ ಬೇರೆ ಹೆಸರಿಲ್ಲದಿದ್ದರೆ ಚಿಕ್ಕಬೀರಯ್ಯನನ್ನು ಪೊಲೀಸರಿಗೆ ಒಪ್ಪಿಸುವುದೆಂದು ತೀರ್ಮಾನವಾಗಿತ್ತು.

"ಇದು ತಗಳಿ ಸಾ," ಎಂದು ಅಂಗಿ ಮುಂದೆ ಹಿಡಿದ. "ಕಂಪ್ನಿದು. ನಾಳೆ ಪೊಲೀಸ್ನೋರು ಎಳ್ಕೊಂಡೋಗೋವಾಗ ಮೈಮ್ಯಾಲೆ ಕಂಪ್ನಿ ಬಟ್ಟೆ ಇರ್ಬಾರ್ದು."

"ಇನ್ನೂ ಏನೂ ಆಗಿಲ್ವಲ್ಲೋ."

"ನೀವು ನನ್ ಮಕ ನೋಡಿ ಹೇಳಿ ಸಾ. ನಾನ್ ತೆಗ್ದಿದೀನಾ?"

ಓಬಳಯ್ಯ ಮುಖ ನೋಡಿದ. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಗಿತ್ತು. ಅಯ್ಯೋ ಪಾಪ ಎನಿಸಬೇಕು ಎಂದು ಅವನಿಗೆ ಗೊತ್ತಿತ್ತು. ಎನಿಸಲಿಲ್ಲ, ಅದಕ್ಕಾಗಿ ತನ್ನ ಮೇಲೆಯೇ ಬೇಸರವಾಯಿತು. ಅಂಗಿ ಇಸಿದುಕೊಂಡು ಚೀಲದಲ್ಲಿಟ್ಟುಕೊಂಡ.

"ಮನೆಗೆ ಹೋಗು. ನಾಳೆ ಹತ್ತು ಗಂಟೆವರೆಗೂ ಟೈಮದೆ."

*

ಜಮಾಲುನ್ನೀಸಾ ಬಾಗಿಲಲ್ಲೇ ಚಾಪೆ ಹಾಸಿದಳು. ಗಂಡ ಅಜ್ಮತುಲ್ಲಾ ಮಡಗಾಂವಿನಲ್ಲಿ ಟೈಲರ್ ಆಗಿದ್ದು ಅಲ್ಲೇ ತೀರಿಕೊಂಡವನು. ಮಗಳು ಬಾನುವಿನ ನಿಕಾಹ್ ಮುಂದಿನ ತಿಂಗಳು ನಿಶ್ಚಯವಾಗಿತ್ತು. ಬಳೆ ಹೋದದ್ದಕ್ಕೆ ಜಮಾಲುನ್ನೀಸಾ ಎಲ್ಲರೆದುರು ಅತ್ತವಳಲ್ಲ. ಚಿಕ್ಕಬೀರಯ್ಯ ಕದ್ದ ಎನ್ನುವವರ ಬಾಯಿ ಮಾತ್ರ ಮುಚ್ಚಿಸುತ್ತಿದ್ದಳು.

"ಯಜಮಾನ್ರು ತಂದಿದ್ದ ಹಳೇ ನಾಣ್ಯ ಮನೇಲಿವೆಯೇನಮ್ಮಾ?"

"ಇದಾವೆ ಸಾರ್. ಬಾನು ಆಟ ಆಡ್ತಿದ್ಲು ಚಿಕ್ಕೋಳಿದ್ದಾಗ."

ತಗಡಿನ ಡಬ್ಬಿ ತಂದು ಚಾಪೆಯ ಮೇಲೆ ಸುರಿದಳು. ಏಳು ನಾಣ್ಯ. ಓಬಳಯ್ಯ ಒಂದೊಂದನ್ನೇ ಬೆಳಕಿಗೆ ಹಿಡಿದ. ಅಕ್ಷರಗಳನ್ನು ಈಗ ಗುರುತು ಹಿಡಿಯಬಲ್ಲವನಾಗಿದ್ದ. ಎಲ್ಲವೂ ರುಪಿಯಾ.

"ಎಸ್ಕೂದಿಂದು ಯಾವ್ದೂ ಇಲ್ವಾ? ನೋಡೋಕೆ ಹಿಂಗೇ ಇರುತ್ತೆ, ಬರಹ ಬೇರೆ."

ಜಮಾಲುನ್ನೀಸಾ ನಾಣ್ಯಗಳನ್ನು ಡಬ್ಬಿಗೆ ತುಂಬತೊಡಗಿದಳು. ಮೂರು ತುಂಬಿದಳು, ನಿಲ್ಲಿಸಿದಳು.

"ಒಂದಿತ್ತು. ಹೊಳೀತಿತ್ತು, ಹೊಸದು. ಕೊಟ್ಬಿಟ್ವಿ."

"ಯಾರಿಗೆ?"

ಅವಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. "ಬಾನು ಏಳನೇ ಕ್ಲಾಸು ಪಾಸಾದಾಗ ಟೀಚರಿಗೆ ಏನಾದ್ರೂ ಕೊಡ್ಬೇಕು ಅಂತ ಹಟ ಹಿಡಿದ್ಲು. ಟೀಚರು ದುಡ್ಡು ಗಿಡ್ಡು ಏನೂ ಮುಟ್ಟೋರಲ್ಲ. ಇದು ನಡೆಯೋ ದುಡ್ಡಲ್ಲ ಟೀಚರ್, ನೆನಪಿಗೆ ಇಟ್ಕೊಳ್ಳಿ ಅಂದ್ಲು. ಆಮೇಲೆ ಇಸ್ಕೊಂಡ್ರು."

ಯಾವ ಟೀಚರೆಂದು ಓಬಳಯ್ಯ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಉಮಾಮಹೇಶ್ವರಿ ಒಂಬತ್ತು ವರ್ಷ ದಿನಾ ತುಮಕೂರಿನಿಂದ ಗುಬ್ಬಿಗೆ ರೈಲಿನಲ್ಲಿ ಹೋಗಿ ಬಂದು ಪಾಠ ಹೇಳಿದವಳು.

"ನಿಮ್ಮನೇವ್ರಿಗೇ ಕೊಟ್ಟಿದ್ದು, ಸಾರ್," ಎಂದಳು ಜಮಾಲುನ್ನೀಸಾ, ಬಹಳ ಮೆಲ್ಲಗೆ. "ನಿಮ್ಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ."

ಗೊತ್ತಿತ್ತು. ಆ ಸಂಜೆ ಉಮಾಮಹೇಶ್ವರಿ ಅದನ್ನು ಅಂಗೈಯಲ್ಲಿಟ್ಟು ತೋರಿಸಿದ್ದಳು, ನನಗೂ ಫಾರಿನ್ ದುಡ್ಡು ಬಂತು ನೋಡ್ರಿ ಎಂದು. ಅವನು ಪೇಪರಿನಿಂದ ತಲೆ ಎತ್ತದೆ ಹೂಂ ಅಂದಿದ್ದ. ನಾಣ್ಯ ಈಗೆಲ್ಲಿದೆ ಎಂಬುದೂ ಗೊತ್ತಿತ್ತು. ತುಮಕೂರಿನ ಉಪ್ಪಾರಹಳ್ಳಿಯ ಅವನ ಮನೆಯಲ್ಲಿ, ರೂಮಿನ ಶೆಲ್ಫಿನ ಮೇಲಿನ ಅವಳ ಮರದ ಪೆಟ್ಟಿಗೆಯೊಳಗೆ. ಅವಳು ಹೋದ ಮೇಲೆ ಓಬಳಯ್ಯ ಆ ಪೆಟ್ಟಿಗೆಯನ್ನು ಮುಟ್ಟಿರಲಿಲ್ಲ.

ಆ ಮನೆಯಲ್ಲಿ ಈಗ ಇರುವವರು ಇಬ್ಬರೇ. ಒಬ್ಬ ಅವನು. ಇನ್ನೊಬ್ಬ ಗುಂಡಯ್ಯ.

*

ಗುಂಡಯ್ಯ ಉಮಾಮಹೇಶ್ವರಿಯ ತಮ್ಮ. ಗೋಮುಖಿ ಕಂಪನಿಯ ತುಮಕೂರು ಗೋದಾಮಿನಲ್ಲಿ ಗುಮಾಸ್ತ. ಓಬಳಯ್ಯನೇ ಹೇಳಿ ಕೊಡಿಸಿದ ಕೆಲಸ. ಅಕ್ಕ ತೀರಿಕೊಂಡ ಮೇಲೆ ತನ್ನ ಬಾಡಿಗೆ ರೂಮು ಖಾಲಿ ಮಾಡಿ ಭಾವನ ಮನೆಗೆ ಬಂದು ಸೇರಿಕೊಂಡ. ಬೆಳಿಗ್ಗೆ ಎಬ್ಬಿಸುವವನು ಅವನು, ಅಡಿಗೆ ಮಾಡುವವನು ಅವನು, ತಟ್ಟೆ ಮುಂದಿಟ್ಟು ಉಣ್ಣುವ ತನಕ ಎದುರಿಗೆ ಕೂರುವವನೂ ಅವನೇ. ಅವನಿಲ್ಲದಿದ್ದರೆ ಓಬಳಯ್ಯ ಎದ್ದು ಕೆಲಸಕ್ಕೆ ಹೋಗುತ್ತಿದ್ದನೋ ಇಲ್ಲವೋ ದೇವರಿಗೇ ಗೊತ್ತು.

ರೈಲಿನ ಕಿಟಕಿಗೆ ಒರಗಿ ಓಬಳಯ್ಯ ಲೆಕ್ಕ ಹಾಕಿದ. ಬೇಡವೆಂದರೂ ತಲೆ ತಾನಾಗಿ ಲೆಕ್ಕ ಹಾಕುತ್ತಿತ್ತು. ಮಡಗಾಂವಿನ ಚೀಲ ತುಮಕೂರಿಗೆ ಬಂದದ್ದು ಬೆಳಿಗ್ಗೆ. ಗುಬ್ಬಿಯ ಬಸ್ಸಿಗೆ ಹಾಕಿದ್ದು ಮಧ್ಯಾಹ್ನ ಮೂರಕ್ಕೆ. ನಡುವೆ ಗೋದಾಮಿನ ತಕ್ಕಡಿಯೂ ಅರಗಿನ ಕಡ್ಡಿಯೂ ಗುಂಡಯ್ಯನ ಕೈಯಲ್ಲೇ ಇದ್ದವು. ಊಟಕ್ಕೆ ಅವನು ಸೈಕಲ್ಲಿನಲ್ಲಿ ಮನೆಗೆ ಬರುತ್ತಾನೆ. ಮೊಹರು ನೋಡಿದ ಕೂಡಲೇ, ಇಂಥದ್ದೇ ನಾಣ್ಯ ಅಕ್ಕನ ಪೆಟ್ಟಿಗೆಯಲ್ಲಿದೆಯಲ್ಲ ಎಂದು ಅವನಿಗೆ ಹೊಳೆದಿರಬೇಕು.

ಇರಲಾರದು ಎಂದುಕೊಂಡ. ನಾಣ್ಯ ಪೆಟ್ಟಿಗೆಯಲ್ಲಿ ಸ್ವಚ್ಛವಾಗಿದ್ದರೆ ಅಲ್ಲಿಗೆ ಮುಗಿಯಿತು. ಬೇರೆ ಯಾರ ಹತ್ತಿರವೋ ಇನ್ನೊಂದಿದೆ ಎಂದರ್ಥ.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಅಡಿಗೆಮನೆಯಿಂದ ಒಗ್ಗರಣೆಯ ಸದ್ದು ಬಂತು.

"ಭಾವ ಬಂದ್ರಾ? ಕೈಕಾಲ್ ತೊಳ್ಕೊಳಿ, ಆಗೋಯ್ತು."

ಓಬಳಯ್ಯ ಸೀದಾ ರೂಮಿಗೆ ಹೋದ. ಶೆಲ್ಫಿನ ಮೇಲೆ ನಾಲ್ಕು ತಿಂಗಳ ಧೂಳು ಕೂತಿತ್ತು. ಅವಳ ಪುಸ್ತಕಗಳ ಮೇಲೆ, ಅವಳ ಟೇಬಲ್ ಗಡಿಯಾರದ ಮೇಲೆ. ಪೆಟ್ಟಿಗೆಯ ಮುಚ್ಚಳದ ಮೇಲೆ ಮಾತ್ರ ಬೆರಳು ಓಡಾಡಿದ ಜಾಗ ಹಸನಾಗಿತ್ತು.

ನಿಂತೇ ಇದ್ದ. ಇದನ್ನು ತೆಗೆಯದೆ ಹೋಗಿ ಊಟಕ್ಕೆ ಕೂತರೂ ಆಗುತ್ತದೆ. ವರದಿಯಲ್ಲಿ ಚಿಕ್ಕಬೀರಯ್ಯನ ಹೆಸರು ಬರೆದರೆ ಕೇಳುವವರಿಲ್ಲ. ಚೀಲದಲ್ಲಿ ಆ ಖಾಕಿ ಅಂಗಿ ಇತ್ತು, ಸೋಪಿನ ವಾಸನೆ ಬರುತ್ತಿತ್ತು.

ಮುಚ್ಚಳ ತೆಗೆದ. ಕೆಂಪು ಪೆನ್ಸಿಲ್ಲು, ಎರಡು ಹೇರ್‌ಪಿನ್ನು, ಸವೆದ ಚಾಕ್‌ಪೀಸಿನ ತುಂಡು, ಗುಬ್ಬಿ ರೈಲಿನ ಹಳೆಯ ಪಾಸು. ಅವುಗಳ ಕೆಳಗೆ ನಾಣ್ಯ. ಕಿಟಕಿಯ ಹತ್ತಿರ ತಂದು ತಿರುಗಿಸಿದ. ಅಕ್ಷರಗಳ ಸಂದಿಯಲ್ಲಿ ಕೆಂಪು ಅರಗು ಕಚ್ಚಿಕೊಂಡಿತ್ತು.

"ನೀವು ಅದನ್ನ ತೆಗೆಯಲ್ಲ ಅಂದ್ಕೊಂಡಿದ್ದೆ."

ಗುಂಡಯ್ಯ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಊಟದ ತಟ್ಟೆ, ಭುಜದ ಮೇಲೆ ಟವೆಲ್ಲು.

"ನಾಲ್ಕು ತಿಂಗ್ಳಿಂದ ಅದ್ರ ಕಡೆ ತಿರುಗ್ ನೋಡಿಲ್ವಲ್ಲ ನೀವು. ಅದಕ್ಕೇ ವಾಪಸ್ ಅಲ್ಲೇ ಇಟ್ಟೆ."

ಆಗ ಓಬಳಯ್ಯನಿಗೆ ಸಿಟ್ಟು ಬಂತು. ಎಷ್ಟೋ ದಿನದ ಮೇಲೆ ಬಂದ ಸಿಟ್ಟು, ಕಿವಿಯವರೆಗೂ ಬಿಸಿಯಾಯಿತು. ಬಳೆ ಕದ್ದದ್ದಕ್ಕಲ್ಲ. ಹೆಂಡತಿಯ ಪೆಟ್ಟಿಗೆ ಮುಟ್ಟಲಾರದ ತನ್ನ ಸಂಕಟವನ್ನು ಇವನು ಅಳೆದು ನೋಡಿ, ಅದನ್ನೇ ನೆಚ್ಚಿಕೊಂಡಿದ್ದ. ಎದುರಿಗೆ ಕೂತು ಉಣ್ಣಿಸುತ್ತಲೇ ನೆಚ್ಚಿಕೊಂಡಿದ್ದ.

"ಯಾಕ್ಲಾ?"

"ಆಸೆ, ಭಾವ. ಇನ್ನೇನ್ ಹೇಳ್ಲಿ. ಮೂರು ಸಾವಿರ ಅಂತ ಬರ್ದಿತ್ತು. ಕದಿಯೋಕೇ ಬಿಚ್ಚಿದ್ದು, ಸುಳ್ಳು ಹೇಳಲ್ಲ."

"ಅಲ್ಲಿ ಚಿಕ್ಕಬೀರಯ್ಯ ಕಂಪನಿ ಬಟ್ಟೆ ಒಗೆದು ವಾಪಸ್ ಕೊಟ್ಟವ್ನೆ. ನಾಳೆ ಜೈಲಿಗೆ ಹೋಗೋಕೆ ರೆಡಿಯಾಗವ್ನೆ. ನೀನು ಆರು ದಿನದಿಂದ ನಂಗೆ ಅನ್ನ ಬಡಿಸ್ತಿದೀಯ. ಗಂಟಲಲ್ಲಿ ಹೆಂಗ್ ಇಳೀತು ನಿಂಗೆ?"

ಗುಂಡಯ್ಯ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. "ನನ್ ಹೆಸರು ಬರೀರಿ ಭಾವ. ಬೇಡ ಅನ್ನಲ್ಲ."

"ಬರೀತೀನಿ. ಬಳೆ ಎಲ್ಲಿಟ್ಟಿದೀಯ, ಅದನ್ನ ಹೇಳು ಮೊದಲು. ಆ ಹುಡುಗಿ ನಿಕಾಹ್ ಮುಂದಿನ ತಿಂಗಳು."

ಗುಂಡಯ್ಯ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಒರೆಸಿಕೊಳ್ಳುತ್ತಲೇ ಇದ್ದ.

"ಎಲ್ಲಿ?"

"ಬಳೆ ನಾನ್ ನೋಡೇ ಇಲ್ಲ, ಭಾವ."

"ಮತ್ತೆ ಬಿಚ್ಚಿದೆ ಅಂದೆ?"

"ಬಿಚ್ಚಿದೆ. ಇದೇ ರೂಮಲ್ಲಿ ಕೂತು ಬಿಚ್ಚಿದೆ. ಒಳಗೆ ಡಬ್ಬಿ, ಡಬ್ಬಿ ತುಂಬ ಹುಣ್ಸೇಬೀಜ. ನಂಗೆ ಕೈಕಾಲೇ ಆಡ್ಲಿಲ್ಲ. ಒಂದು ಬೀಜಾನೂ ಮುಟ್ದೆ, ಹೆಂಗಿತ್ತೋ ಹಂಗೇ ಹೊಲ್ದು ಮೊಹರು ಹಾಕ್ಬುಟ್ಟೆ. ಅಕ್ಕನ ಆಣೆ."

ಓಬಳಯ್ಯ ಏನೋ ಬೈಯಲು ಹೋದವನು ನಿಲ್ಲಿಸಿದ. ಮುನ್ನೂರ ಹತ್ತು ಗ್ರಾಂ. ಮಡಗಾಂವು, ತುಮಕೂರು, ಗುಬ್ಬಿ, ಮೂರು ಕಡೆಯೂ ಒಂದೇ. ಕಳ್ಳನ ಹತ್ತಿರ ಒಳ್ಳೆಯ ತಕ್ಕಡಿ ಇತ್ತೆಂದು ತಾನೇ ಬುಡನ್ ಸಾಬರಿಗೆ ಹೇಳಿದ್ದ. ಬಸ್ಸು ಹಾರನ್ ಹೊಡೆದಾಗ ಅವರು ಹೇಳಲು ಹೊರಟದ್ದು ಏನೆಂದು ಈಗ ಅವನಿಗೆ ಅರ್ಥವಾಯಿತು. ತೂಕ ಬದಲಾಗಿರಲಿಲ್ಲ, ಏಕೆಂದರೆ ದಾರಿಯಲ್ಲಿ ಏನೂ ಬದಲಾಗದೆಯೇ ಇದ್ದಿರಬಹುದು. ಮೂರು ಸಾವಿರ ಎನ್ನುವುದು ಕಳಿಸಿದವರು ಬಾಯಲ್ಲಿ ಹೇಳಿದ ಮಾತು. ಬಿಚ್ಚಿ ನೋಡಿದವನು ಇಡೀ ದಾರಿಯಲ್ಲಿ ಒಬ್ಬನೇ, ಅವನು ಕದಿಯಲು ಬಂದವನು.

ಮೇಜಿನ ಮೇಲೆ ವರದಿಯ ಹಾಳೆ ಖಾಲಿ ಇತ್ತು. ಗುಂಡಯ್ಯನ ಹೆಸರು ಬರೆದರೆ ಚಿಕ್ಕಬೀರಯ್ಯ ಉಳಿಯುತ್ತಾನೆ. ಕದಿಯದ ಬಳೆಗಾಗಿ ಉಮಾಮಹೇಶ್ವರಿಯ ತಮ್ಮ ಜೈಲಿಗೆ ಹೋಗುತ್ತಾನೆ. ಮಡಗಾಂವಿನ ವಕೀಲರ ಹೆಸರು ಬರೆಯೋಣವೆಂದರೆ, ಅದಕ್ಕಿರುವ ಸಾಕ್ಷಿ ಈ ಕಳ್ಳನ ಮಾತೊಂದೇ.

"ಯಾರೂ ನಂಬಲ್ಲ ಭಾವ, ಗೊತ್ತು ನಂಗೆ," ಎಂದ ಗುಂಡಯ್ಯ. "ನೀವು ನಂಬ್ತೀರಾ?"

ಓಬಳಯ್ಯ ಅಂಗೈಯಲ್ಲಿದ್ದ ನಾಣ್ಯ ನೋಡುತ್ತಿದ್ದ. ಹೊರಗೆ ಗೇಟು ತೆಗೆದ ಸದ್ದಾಯಿತು. ಕಿಟಕಿಯಿಂದ ಕಂಡದ್ದು ಕಂಪನಿಯ ಜವಾನ, ಕೈಯಲ್ಲಿ ಟೆಲಿಗ್ರಾಂ.

ತನಿಖೆಗೆಂದು ಅವನು ವಿಚಾರಿಸಿದ್ದಕ್ಕೆ ಮಡಗಾಂವಿನ ಆಫೀಸಿನಿಂದ ಬಂದ ಉತ್ತರ, ಒಂದೇ ಸಾಲು: ವಕೀಲರು ತೀರಿಕೊಂಡು ಮೂರು ವಾರವಾಯಿತು, ಅವರ ಹೆಸರಿನಲ್ಲಿ ಪಾರ್ಸಲ್ ಬುಕ್ ಆಗಿರುವುದು ಅವರು ತೀರಿಕೊಂಡ ನಾಲ್ಕು ದಿನದ ಮೇಲೆ.